ಕೆನೆಯ ಲೆಕ್ಕ

ಶುಕ್ರವಾರ ಬೆಳಿಗ್ಗೆ ಹಾಲಿನ ದುಡ್ಡು ಬಟವಾಡೆ.
ಗುರುವಾರ ಸಂಜೆ ಟೆರ್ಸೇರಾ ದ್ವೀಪದ ಹುಡುಗ ಬಂದು
ಯಂತ್ರಕ್ಕೆ ಹೊಸ ವ್ಯವಸ್ಥೆ ಹಾಕಿ
ಕೊನೆಯ ದೋಣಿ ಹಿಡಿದು ಹೋದ.
ಹೊರಗೆ ಮಂಜು. ಕರಿಗಲ್ಲಿನ ಗೋಡೆಯಾಚೆ
ಹಸುಗಳಿಲ್ಲ, ಹಸುಗಳ ಗಂಟೆ ಮಾತ್ರ.
ನಾನು ಎಂದಿನಂತೆ 'ನಾಟಾ' ಎಂದು ಬರೆದು ಕೀಲಿ ಒತ್ತಿದೆ.

ನಾಟಾ ಎಂದರೆ ನಮ್ಮ ಮಾತಲ್ಲಿ ಕೆನೆ.
ಲೀಟರು ಎಷ್ಟು, ಕೊಬ್ಬು ಎಷ್ಟು ಎಂದು ಕೊಟ್ಟರೆ
ನೂರ ನಲವತ್ತೆರಡು ಮನೆಗಳ ಪಾಲು ಹೇಳುವ ಪ್ರೋಗ್ರಾಮು.
ಚೀಸಿನ ನೆಲಮಾಳಿಗೆಯ ಮೇಲಿನ ಕೋಣೆಯಲ್ಲಿ
ಎರಡು ಚಳಿಗಾಲ ಕೂತು ಬರೆದವನು ವಿರ್ಜೀಲಿಯೊ ಬೆಟೆನ್‌ಕೂರ್.
ಈಗ ಚರ್ಚಿನ ಹಿಂದೆ ಮಲಗಿದ್ದಾನೆ.
ಮೂಲ ಬರಹವಿದ್ದ ಹನ್ನೊಂದು ಫ್ಲಾಪಿಗಳಿಗೆ ಬೂಸು ಹಿಡಿಯಿತು.
ಕೆಳಗೆ ಚೀಸಿನ ಬೂಸನ್ನು ವಾರಕ್ಕೊಮ್ಮೆ ಉಜ್ಜಿ ಒರೆಸುವ ನಾವು
ಮೇಲೆ ಹತ್ತಿ ನೋಡಲಿಲ್ಲ.

ಪರದೆ ಹೇಳಿತು:
ನಡೆಸಲಾರೆ. ರೂಪ ಸರಿಯಿಲ್ಲ.

ಫೋನಿನಲ್ಲಿ ಹುಡುಗ, ಲಿಸಾಂದ್ರೊ, ನಿದ್ದೆಗಣ್ಣಲ್ಲೇ ಬಿಡಿಸಿ ಹೇಳಿದ:
ಪ್ರತಿ ಪ್ರೋಗ್ರಾಮಿಗೂ ಒಂದು ಹಣೆಬರಹ ಇರ್ತದೆ, ದೋನಾ ಇಡಲೀನಾ,
ಯಂತ್ರ ಮೊದಲು ಓದುವುದೇ ಅದನ್ನ.
ಹೊಸವುಗಳ ಹಣೆಯಲ್ಲಿ ನೂರ ಇಪ್ಪತ್ತೇಳು, ಬೆನ್ನಿಗೇ ಮೂರಕ್ಷರ.
ನಿಮ್ಮದರಲ್ಲಿ ನಾನೂರ ಹದಿಮೂರು.
ಬಾಗಿಲು ಕಾಯುವವನಿಗೆ ಈಗ ಆ ಅಂಕಿಯ ಪರಿಚಯವಿಲ್ಲ.

ಆ ಅಂಕಿಗೊಬ್ಬ ಅಜ್ಜನಿದ್ದನಂತೆ, ನಾನೂರ ಏಳು.
ಅವನ ಕಾಲದಲ್ಲಿ ಅದೊಂದು ಅಪ್ಪಣೆ:
ಮುಂದಿನ ಏಳು ಪದ ಹಾರಿ ದಾಟು, ಅಲ್ಲಿಂದ ಕೆಲಸ ಶುರು.
ಆ ಅಪ್ಪಣೆ ತಿಳಿಯುತ್ತಿದ್ದ ಯಂತ್ರಗಳೆಲ್ಲ ಗುಜರಿಗೆ ಹೋದವು.
ಹಾರುವವರು ಇಲ್ಲವಾದ ಮೇಲೂ ಅಂಕಿ ಉಳಿಯಿತು,
ಹೊಳೆ ಬತ್ತಿದ ಮೇಲೆ ಸೇತುವೆ ಉಳಿದ ಹಾಗೆ.
ನನಗೆ ಅರ್ಧ ತಿಳಿಯಿತು. ಆ ಅರ್ಧಕ್ಕೇ ಗಂಟಲು ಕಟ್ಟಿತು,
ಯಾಕೆಂದು ಕೇಳಬೇಡಿ.

ರಾತ್ರಿ ಮೂರರವರೆಗೆ ಅವನು ಹೇಳಿದ, ನಾನು ಬೆರಳಾಡಿಸಿದೆ.
ಹಳೆ ಡಿಸ್ಕಿನಿಂದ ಹಳೆ ಲೈಬ್ರರಿಗಳನ್ನು ಎತ್ತಿ ತಂದು
ಬೇರೆಯೇ ಕೋಣೆಯಲ್ಲಿ ಇಟ್ಟೆವು:
ಹೊಸವುಗಳ ಹೆಸರೇ ಇವಕ್ಕೂ, ಒಳಗಿನ ಜೀವ ಬೇರೆ,
ಬೆರೆತರೆ ಎರಡೂ ಕೆಟ್ಟವು, ಹುಳಿ ಬಿದ್ದ ಹಾಲಿನಂತೆ.
ಬಾಗಿಲವನಿಗೆ ಒಂದು ಮಾತು ಕಲಿಸಿದೆವು:
ಈ ಅಂಕಿ ಕಂಡರೆ ತಡೆಯಬೇಡ,
ಹಿತ್ತಲ ಬಾಗಿಲಿಂದ ಒಳಗೆ ಕರೆದುಕೋ,
ಕೇಳಿದ್ದನ್ನು ಹಳೆ ತಾವಿನಲ್ಲೇ ಎತ್ತಿ ಕೊಡು,
ಕಾಲ ಬದಲಾಯಿತೆಂದು ಮಾತ್ರ ಬಾಯಿ ಬಿಡಬೇಡ.

ನಾಟಾ ಎದ್ದಿತು.
ಪ್ರಿಂಟರು ಕಿರುಚುತ್ತ ನೂರ ನಲವತ್ತೆರಡು ಸಾಲು ಹೆತ್ತಿತು.

ಮರುವರ್ಷ ಲಿಸಾಂದ್ರೊ ತಾನೇ ಹೊಸದೊಂದು ಬರೆದು ತಂದ,
ಬಣ್ಣದ ಕಿಟಕಿ, ಒತ್ತಿದರೆ ಟಿಂಗೆನ್ನುವ ಗುಂಡಿ.
ಎರಡನ್ನೂ ಅಕ್ಕಪಕ್ಕ ಓಡಿಸಿದೆವು.
ಐವತ್ತೇಳನೆಯ ಮನೆಗೆ ಮೂರು ಎಸ್ಕುದೊ ಹೆಚ್ಚುಕಡಿಮೆ.
ಯಾವುದು ಸರಿ? ಕೇಳೋಣವೆಂದರೆ ವಿರ್ಜೀಲಿಯೊ ಇಲ್ಲ.
ಹಳೆಯದರ ಜೊತೆ ಇಷ್ಟು ವರ್ಷ ಯಾರೂ ಜಗಳ ತೆಗೆದಿರಲಿಲ್ಲ,
ನಮಗಿದ್ದ ಸಾಕ್ಷಿ ಅಷ್ಟೇ.
ಹುಡುಗ ತನ್ನದನ್ನು ಚೀಲಕ್ಕೆ ತುಂಬಿಕೊಂಡ,
ಒಂದು ಚೀಸು ಕೊಟ್ಟು ಕಳಿಸಿದೆ.

ಆಮೇಲೆ ಎಸ್ಕುದೊನೇ ಹೋಯಿತು.
ಯೂರೊ ಬಂದದ್ದು ನಾಟಾಕ್ಕೆ ಗೊತ್ತಿಲ್ಲ,
ಸತ್ತ ನಾಣ್ಯವನ್ನೇ ಎಣಿಸುತ್ತ ಕೂತಿದೆ.
ಪಕ್ಕದಲ್ಲಿ ನಾನು, ಪೆನ್ಸಿಲು, ಕ್ಯಾಲ್ಕುಲೇಟರು:
ಇನ್ನೂರು ದಶಾಂಶ ನಾಲ್ಕು ಎಂಟು ಎರಡರಿಂದ
ಸಾಲು ಸಾಲಾಗಿ ಭಾಗಿಸುತ್ತೇನೆ.

ಇವತ್ತು ಕಿಟಕಿಗೆ ಬಂದವನು ಅನಾಕ್ಲೇತೊ, ಐವತ್ತೇಳನೆಯ ಮನೆ.
ಖಾಲಿ ಕ್ಯಾನುಗಳನ್ನು ಕುದುರೆಯ ಮೇಲೇ ಬಿಟ್ಟು
ನೋಟುಗಳನ್ನು ಬೆಳಕಿಗೆ ಹಿಡಿದು, ತಿರುವಿ,
'ಇದೆಲ್ಲ ಇರಲಿ, ಕೊಂತು ಎಷ್ಟಾಯಿತು ಹೇಳು' ಎಂದ.
ಸಾವಿರ ಎಸ್ಕುದೊಗೆ ಒಂದು ಕೊಂತು, ಅವನ ತಂದೆಯ ಕಾಲದ ಲೆಕ್ಕ.
ನಾಟಾ ಕೊಟ್ಟ ಹಾಳೆಯನ್ನೇ ಎತ್ತಿ ಓದಿದೆ:
ಇಪ್ಪತ್ತೊಂಬತ್ತು ಕೊಂತು, ಮೇಲೆ ಚಿಲ್ಲರೆ.

ಹ್ಞಾಂ, ಎಂದ. ಟೋಪಿ ಹಾಕಿಕೊಂಡ.